ಕೆರೆ, ಕಾಡು, ಮರಳದಿಬ್ಬ: ಪ್ರವಾಸಕ್ಕೆ ಮುನ್ನ ಮಾಡಬೇಕಾದ ಸಿದ್ಧತೆ

ಶಾಲೆಯ ಪ್ರವಾಸವೆಂದೊಡನೆ ಮಕ್ಕಳ ಮನಸ್ಸು ಬಸ್ಸಿನ ಕಡೆಗೂ, ಪಾಲಕರ ಮನಸ್ಸು ಖರ್ಚಿನ ಕಡೆಗೂ, ಗುರುಗಳ ಮನಸ್ಸು ಮಕ್ಕಳ ಎಣಿಕೆಯ ಕಡೆಗೂ ಓಡುವುದು ಸಹಜ. ಈ ಮೂರೂ ಚಿಂತೆಗಳು ಬೇಕಾದವುಗಳೇ. ಆದರೆ ಇವೆಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನಾವು ನೋಡಹೊರಟ ಸ್ಥಳಕ್ಕೆ ಯಾವ ಕಾಲ ಅನುಕೂಲ? ಅದು ಎಷ್ಟು ಜನರ ಕಾಲ್ತುಳಿತವನ್ನು ತಾಳಬಲ್ಲದು? ಅಲ್ಲಿ ನಾವು ಮಾಡಬಾರದುದು ಯಾವುದು? ನಮ್ಮ ರಜೆಯ ದಿನವನ್ನು ನೋಡಿ ಹೊರಡುವವರು ಸ್ಥಳವನ್ನು ಬರಿದೆ ಕಂಡು ಬರುತ್ತಾರೆ; ಸ್ಥಳದ ಕಾಲವನ್ನು ನೋಡಿ ಹೊರಡುವವರು ಅದನ್ನು ತಿಳಿದು ಬರುತ್ತಾರೆ. ಪ್ರವಾಸದ ಅರ್ಧ ಫಲ ಸಿದ್ಧತೆಯಲ್ಲಿಯೇ ಇದೆಯೆಂಬುದನ್ನು ಈ ಲೇಖನದಲ್ಲಿ ಉದಾಹರಣೆಗಳೊಡನೆ ವಿವರಿಸಲು ಯತ್ನಿಸಿದ್ದೇವೆ.

ನಾವು ಆರಿಸಿಕೊಂಡ ವಿಷಯ ನೀರಿನ ಅಂಚು, ಮರಳದಿಬ್ಬ ಹಾಗೂ ರಕ್ಷಿತವಾದ ಕಾಡು. ಈ ಮೂರೂ ಒಂದೇ ಕಡೆ ಸೇರಿದ ಸ್ಥಳವೊಂದು ದೂರದ ಅಮೆರಿಕೆಯಲ್ಲಿದೆ. ನಮ್ಮ ಕುಡಚಡೆಯವರಿಗೆ ಅವು ಒಂದೇ ಕಡೆ ದೊರೆಯವು. ಆದರೆ ಮೂರೂ ದಕ್ಷಿಣ ಗೋವೆಯಲ್ಲಿಯೇ, ಒಂದೊಂದು ದಿನದ ಪ್ರವಾಸದಷ್ಟು ಹತ್ತಿರದಲ್ಲಿವೆ. ಕೆರೆಯಂತೂ ನಮ್ಮ ಊರಲ್ಲಿಯೇ ಇದೆ. ಮೊದಲು ದೂರದ ಸ್ಥಳದಿಂದ ಪಾಠ ಕಲಿತು, ಅನಂತರ ಹತ್ತಿರದವುಗಳಿಗೆ ಹೊರಡೋಣ.

ಅಮೆರಿಕೆಯ ಮಿಶಿಗನ್ ಸರೋವರವು ಸುಮಾರು ೫೮,೦೦೦ ಚದರ ಕಿಲೋಮೀಟರ್ ವಿಸ್ತಾರವಾದುದು. ನಮ್ಮ ಗೋವೆಯ ವಿಸ್ತಾರ ೩,೭೦೨ ಚದರ ಕಿಲೋಮೀಟರ್. ಅಂದರೆ ಇಂತಹ ಹದಿನೈದು ಗೋವೆಗಳು ಆ ಒಂದು ಸರೋವರದಲ್ಲಿ ಮುಳುಗಿಯಾವು. ಅದರ ದಕ್ಷಿಣ ದಂಡೆಯಲ್ಲಿ, ಶಿಕಾಗೊ ನಗರಕ್ಕೆ ಸಮೀಪದಲ್ಲಿ, ಗಾಳಿಯು ಸಾವಿರಾರು ವರ್ಷಗಳಿಂದ ಮರಳನ್ನು ಒಟ್ಟಿ ದಿಬ್ಬಗಳ ಸಾಲನ್ನೇ ಕಟ್ಟಿದೆ. ಅವುಗಳಲ್ಲಿ ‘ಹೂಸಿಯರ್ ಸ್ಲೈಡ್’ ಎಂಬ ದಿಬ್ಬ ಸುಮಾರು ೨೦೦ ಅಡಿ ಎತ್ತರವಿತ್ತು. ಗಾಜು ತಯಾರಿಸುವವರು ಅದರ ಮರಳನ್ನು ಬಂಡಿ ಬಂಡಿಯಾಗಿ ಸಾಗಿಸಿದರು. ೧೯೨೦ರ ಹೊತ್ತಿಗೆ ದಿಬ್ಬವೇ ಇಲ್ಲವಾಯಿತು. ಬೆಟ್ಟದಂತಿದ್ದ ವಸ್ತುವೂ ಮನುಷ್ಯನ ಕೈಯಲ್ಲಿ ಕೆಲವು ದಶಕಗಳಲ್ಲಿ ಸವೆದುಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಉಳಿದ ದಿಬ್ಬಗಳನ್ನಾದರೂ ಕಾಪಾಡಬೇಕೆಂದು ಅಲ್ಲಿಯ ನಾಗರಿಕರು ೧೯೫೨ರಲ್ಲಿ ಸಂಘ ಕಟ್ಟಿದರು. ೧೯೬೬ರಲ್ಲಿ ಆ ದಂಡೆಗೆ ಸರ್ಕಾರದ ರಕ್ಷಣೆ ದೊರೆಯಿತು. ೨೦೧೯ರಲ್ಲಿ ಅದು ‘ಇಂಡಿಯಾನಾ ದಿಬ್ಬಗಳ ರಾಷ್ಟ್ರೀಯ ಉದ್ಯಾನ’ವೆಂಬ ಹೆಸರನ್ನು ಪಡೆಯಿತು.

ಈ ದಿಬ್ಬಗಳಲ್ಲಿ ಹೆನ್ರಿ ಕೌಲ್ಸ್ ಎಂಬ ಸಸ್ಯವಿಜ್ಞಾನಿ ಅಲೆದಾಡಿ, ೧೮೯೯ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದನು. ನೀರಿನಂಚಿನಿಂದ ಒಳನಾಡಿನ ಕಡೆಗೆ ನಡೆಯುತ್ತಾ ಹೋದಂತೆ ಮೊದಲು ಬರಿಯ ಮರಳು, ಆಮೇಲೆ ಹುಲ್ಲು, ಅನಂತರ ಪೊದೆ, ಕೊನೆಗೆ ದೊಡ್ಡ ಮರಗಳ ಕಾಡು ಕಾಣುತ್ತದೆ. ನೀರಿಗೆ ಹತ್ತಿರದ ದಿಬ್ಬ ಹೊಸದು, ದೂರದ್ದು ಹಳೆಯದು. ಆದುದರಿಂದ ಒಂದು ಮೈಲಿಯ ನಡಿಗೆಯಲ್ಲಿ ನೂರಾರು ವರ್ಷಗಳ ಇತಿಹಾಸವನ್ನೇ ಓದಬಹುದು. ಒಂದು ಸಸ್ಯ ನೆಲವನ್ನು ಹದಮಾಡುತ್ತದೆ. ಹದವಾದ ನೆಲದಲ್ಲಿ ಇನ್ನೊಂದು ಬಂದು ನೆಲೆಸುತ್ತದೆ. ಈ ತತ್ತ್ವವನ್ನು ತಿಳಿದು ಹೋದ ವಿದ್ಯಾರ್ಥಿಗೆ ದಿಬ್ಬವು ಪುಸ್ತಕದಂತೆ ತೆರೆದುಕೊಳ್ಳುತ್ತದೆ; ತಿಳಿಯದೆ ಹೋದವನಿಗೆ ಅದು ಜಾರಿ ಆಡುವ ಉಸುಕಿನ ಗುಡ್ಡೆ ಮಾತ್ರ.

ಅಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಪಾಲಕರು ಗಮನಿಸಬೇಕು. ‘ಮೌಂಟ್ ಬಾಲ್ಡಿ’ ಎಂಬುದು ಸುಮಾರು ೧೨೬ ಅಡಿ ಎತ್ತರದ ದಿಬ್ಬ. ಗಾಳಿಯ ಹೊಡೆತಕ್ಕೆ ಅದು ವರ್ಷಕ್ಕೆ ಕೆಲವು ಅಡಿಗಳಷ್ಟು ಒಳಗೊಳಗೆ ಸರಿಯುತ್ತಾ, ಎದುರಿಗೆ ಸಿಕ್ಕಿದ ಮರಗಳನ್ನು ನುಂಗುತ್ತಾ ಬಂದಿದೆ. ೨೦೧೩ರ ಜುಲೈ ತಿಂಗಳಲ್ಲಿ ಆರು ವರ್ಷದ ಬಾಲಕನೊಬ್ಬ ಆ ದಿಬ್ಬದ ಮೇಲೆ ನಡೆಯುತ್ತಿದ್ದಾಗ ನೆಲ ಕುಸಿದು ಒಳಗೆ ಬಿದ್ದನು. ಮರಳು ಅವನ ಮೇಲೆ ಮುಚ್ಚಿಕೊಂಡಿತು. ಮೂರು ತಾಸಿಗೂ ಮಿಕ್ಕಿ ಅಗೆದು, ಸುಮಾರು ೧೧ ಅಡಿ ಆಳದಿಂದ ಅವನನ್ನು ಹೊರತೆಗೆದರು. ಬಾಲಕ ಬದುಕಿ ಉಳಿದನು. ಕಾರಣವನ್ನು ಹುಡುಕಿದಾಗ, ಎಂದೋ ಮರಳಿನಡಿ ಹೂತುಹೋದ ಮರಗಳು ಕೊಳೆತು, ಅವುಗಳಿದ್ದ ಜಾಗದಲ್ಲಿ ಕೊಳವೆಯಂತಹ ಪೊಳ್ಳು ಉಳಿದಿದ್ದುದು ತಿಳಿದುಬಂತು. ಹೊರಗಿನಿಂದ ನೋಡುವವರಿಗೆ ಅದರ ಸುಳಿವೇ ಇರಲಿಲ್ಲ. ಆ ಬಳಿಕ ದಿಬ್ಬವನ್ನು ಜನರಿಗೆ ಮುಚ್ಚಲಾಯಿತು. ಕೆಲವು ವರ್ಷಗಳ ಅನಂತರ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಹತ್ತಲು ಅನುಮತಿ ದೊರೆಯಿತು. ‘ಈ ದಾರಿಯಲ್ಲಿ ಹೋಗಬೇಡಿ’ ಎಂದು ಬರೆದ ಹಲಗೆ ಅಧಿಕಾರಿಗಳ ಹಟದಿಂದ ಹುಟ್ಟಿದುದಲ್ಲ. ಅದರ ಹಿಂದೆ ಬಹುಶಃ ಯಾರದೋ ಮನೆಯ ಮಗುವಿನ ಕಥೆ ಇರುತ್ತದೆ.

ಮರಳದಿಬ್ಬವು ಹುಟ್ಟುವ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿಯೋಣ. ದಿಬ್ಬಕ್ಕೆ ಒಣಮರಳು, ಒಂದೇ ದಿಕ್ಕಿನಿಂದ ಬೀಸುವ ಗಾಳಿ, ಮರಳನ್ನು ತಡೆಯುವ ಅಡ್ಡಿ ಎಂಬ ಮೂರು ವಸ್ತುಗಳು ಬೇಕು. ಗಾಳಿಯು ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್ ವೇಗವನ್ನು ಮುಟ್ಟಿದಾಗ ಮರಳ ಕಣಗಳು ನೆಲದಿಂದ ಪುಟಿದು, ಮುಂದೆ ಬಿದ್ದು, ಅಲ್ಲಿಯ ಕಣಗಳನ್ನೂ ಪುಟಿಸುತ್ತವೆ. ದಾರಿಯಲ್ಲಿ ಬಳ್ಳಿಯೋ ಹುಲ್ಲಿನ ಬುಡವೋ ಇದ್ದರೆ ಗಾಳಿಯ ವೇಗ ಅಲ್ಲಿ ತಗ್ಗಿ, ಹೊತ್ತುತಂದ ಮರಳು ಕೆಳಗುದುರುತ್ತದೆ. ಗುಡ್ಡೆ ಬೆಳೆದಂತೆ ಬಳ್ಳಿಯೂ ಮೇಲಕ್ಕೆ ಬೆಳೆಯುತ್ತದೆ. ಗಾಳಿಗೆ ಎದುರಾದ ಮಗ್ಗುಲು ಇಳಿಜಾರಾಗಿಯೂ ಮರೆಯ ಮಗ್ಗುಲು ಕಡಿದಾಗಿಯೂ ಇರುತ್ತದೆ. ಒಣಮರಳು ಸುಮಾರು ೩೪ ಡಿಗ್ರಿಗಿಂತ ಹೆಚ್ಚು ಕಡಿದಾಗಿ ನಿಲ್ಲಲಾರದು. ಮೇಲೆ ಸುರಿದುದೆಲ್ಲ ಕೆಳಕ್ಕೆ ಜಾರುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಬೊಗಸೆ ಒಣ ಉಸುಕನ್ನು ಹಲಗೆಯ ಮೇಲೆ ಮೆಲ್ಲನೆ ಸುರಿದು, ಗುಡ್ಡೆಯ ಓರೆಯನ್ನು ಕೋನಮಾಪಕದಿಂದ ಅಳೆಯಿರಿ. ಮತ್ತೆರಡು ಬೊಗಸೆ ಸುರಿದು ಪುನಃ ಅಳೆಯಿರಿ. ಗುಡ್ಡೆ ದೊಡ್ಡದಾಗುವುದು, ಕೋನ ಮಾತ್ರ ಹೆಚ್ಚುಕಡಿಮೆ ಮೊದಲಿನದೇ ಆಗಿರುವುದು.

ದಿಬ್ಬವು ನಡೆದುಬಂದು ಊರನ್ನೇ ಹೂಳಬಲ್ಲದೆಂಬುದನ್ನು ಕನ್ನಡಿಗರಾದ ನಾವು ಅಮೆರಿಕೆಯಿಂದ ಕಲಿಯಬೇಕಾಗಿಲ್ಲ. ಮೈಸೂರು ಜಿಲ್ಲೆಯಲ್ಲಿ, ಕಾವೇರಿಯ ದಂಡೆಯ ಮೇಲೆ ತಲಕಾಡು ಇದೆ. ಗಂಗರ ರಾಜಧಾನಿಯಾಗಿ ಮೆರೆದ ಈ ಪಟ್ಟಣವನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನನು ಹನ್ನೆರಡನೆಯ ಶತಮಾನದ ಆದಿಯಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಇಂದು ಅಲ್ಲಿಯ ದೇಗುಲಗಳನ್ನು ನೋಡಬೇಕಾದರೆ ಮರಳ ನಡುವಿನ ತಗ್ಗುಗಳಿಗೆ ಇಳಿಯಬೇಕು. ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತೆಂಬ ಐತಿಹ್ಯ ಮನೆಮನೆಯ ಮಾತು. ಸಂಶೋಧಕರು ಹೇಳುವ ಕಾರಣ ಬೇರೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯ ಹೆಸರಿನ ಕಟ್ಟೆ ಎದ್ದು, ನದಿಯ ಹರಿವು ತಗ್ಗಿ, ಮರಳಿನ ಪಾತ್ರ ಬಿಸಿಲಿಗೆ ಬಿದ್ದಿತು. ನೈರುತ್ಯದ ಗಾಳಿ ಆ ಮರಳನ್ನೆತ್ತಿ ಊರಮೇಲೆ ಸುರಿಯಿತು ಎಂಬುದು ಅವರ ವಿವರಣೆ. ಬೇಸಿಗೆಗೆ ತಮ್ಮ ಊರಿಗೆ ಹೋದಾಗ ಮೈಸೂರಿನ ಕಡೆಗೆ ಹೋಗುವ ಅವಕಾಶವಿರುವ ಕುಟುಂಬಗಳು ತಲಕಾಡನ್ನು ಅವಶ್ಯವಾಗಿ ನೋಡಬೇಕು.

ಇನ್ನು ನಮ್ಮ ಹತ್ತಿರದ ಸ್ಥಳಗಳು. ಮೊದಲನೆಯದು ನಮ್ಮ ಊರಿನ ನಂದಾ ಕೆರೆ. ಇದರ ವಿಸ್ತಾರ ೪೨ ಹೆಕ್ಟೇರು, ಅಂದರೆ ನೂರು ಎಕರೆಗಿಂತ ತುಸು ಹೆಚ್ಚು. ಜುವಾರಿ ನದಿಗೆ ಸೇರುವ ಹಳ್ಳದ ಮಗ್ಗುಲಲ್ಲಿರುವ ಈ ಜೌಗುಪ್ರದೇಶದಲ್ಲಿ, ಮಳೆಗಾಲವಲ್ಲದ ದಿನಗಳಲ್ಲಿ ನೀರನ್ನು ತಡೆದು ನಿಲ್ಲಿಸಿ, ಕೆಳಗಣ ಗದ್ದೆಗಳ ಭತ್ತಕ್ಕೆ ಬಳಸುತ್ತಾರೆ. ಇರಾನ್ ದೇಶದ ರಾಮ್ಸಾರ್ ಎಂಬ ಪಟ್ಟಣದಲ್ಲಿ ೧೯೭೧ರ ಫೆಬ್ರವರಿ ೨ರಂದು ಜೌಗುಪ್ರದೇಶಗಳ ರಕ್ಷಣೆಗಾಗಿ ರಾಷ್ಟ್ರಗಳ ನಡುವೆ ಒಪ್ಪಂದವಾಯಿತು. ಭಾರತವು ೧೯೮೨ರಲ್ಲಿ ಅದನ್ನು ಸೇರಿತು. ಆ ಒಪ್ಪಂದದ ಪಟ್ಟಿಗೆ ೨೦೨೨ರಲ್ಲಿ ನಂದಾ ಕೆರೆ ಸೇರಿತು. ಆ ಪಟ್ಟಿಗೆ ಏರಿದ ಗೋವೆಯ ಮೊದಲನೆಯ ಸ್ಥಳ ಇದೇ. ಅದೇ ವರ್ಷ ಕರ್ನಾಟಕದ ರಂಗನತಿಟ್ಟೂ, ೨೦೨೪ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಪಟ್ಟಿಯನ್ನು ಸೇರಿದುವು. ಗದಗಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಸಂತೋಷದ ಸಂಗತಿ: ಅವರ ತವರಿನ ಕೆರೆಗೂ ಈಗಿನ ಊರಿನ ಕೆರೆಗೂ ಲೋಕಮಾನ್ಯತೆ ದೊರೆತಿದೆ.

ಹೀಗಿದ್ದರೂ ದೂರದ ಊರುಗಳ ಜಲಪಾತಗಳ ಹೆಸರು ಬಲ್ಲ ನಮ್ಮ ಮಕ್ಕಳಲ್ಲಿ ನಂದಾ ಕೆರೆಯ ದಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ನಿಂತವರು ಎಷ್ಟು ಮಂದಿ? ಅಲ್ಲಿ ಕರಿಯ ತಲೆಯ ಬಿಳಿ ಕೆಂಬರಲು, ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ, ಸಿಳ್ಳೆಬಾತು ಇವೆಲ್ಲ ಕಾಣಸಿಗುತ್ತವೆ. ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ, ಮುಳುಗದೆ ನಡೆಯುವ ದೇವನಕ್ಕಿಯೂ ಉಂಟು. ಮೈಯ ಭಾರವನ್ನು ಅಗಲವಾದ ಜಾಗಕ್ಕೆ ಹಂಚಿದರೆ ಒತ್ತಡ ಕಡಿಮೆಯಾಗುವುದೆಂಬ ವಿಜ್ಞಾನದ ಪಾಠಕ್ಕೆ ಆ ಹಕ್ಕಿಯ ಕಾಲುಗಳೇ ಚಿತ್ರಪಟ.

ಎರಡನೆಯದು ಕಾಣಕೋಣ ತಾಲೂಕಿನ ಗಾಲಜಿಬಾಗದ ಕಡಲದಂಡೆ. ಇಲ್ಲಿ ಸರೋವರವಿಲ್ಲ, ಸಮುದ್ರವಿದೆ. ಆದರೆ ದಿಬ್ಬ ಕಟ್ಟುವ ಗಾಳಿ, ಮರಳು, ಬಳ್ಳಿಗಳ ಕೆಲಸ ಮಿಶಿಗನ್ನಿನ ದಂಡೆಯಲ್ಲಿ ಇದ್ದಂತೆಯೇ. ನೀರಿನ ಕಡೆಯಿಂದ ಬಂದರೆ ಮೊದಲು ಅಡುಂಬು ಬಳ್ಳಿ ಕಾಣುತ್ತದೆ. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ ಬಣ್ಣದ ಹೂವು, ಮರಳ ಮೇಲೆ ಹಗ್ಗ ಹಾಸಿದಂತೆ ಹರಿದ ಕಾಂಡ ಇದರ ಗುರುತು. ಮರಳನ್ನು ಹಿಡಿದು ನಿಲ್ಲಿಸುವ ಕೆಲಸ ಇದರದೇ. ಇದರ ಹಿಂದೆ ಪೊದೆಗಳು, ಕೇದಿಗೆ, ಗಾಳಿಮರಗಳು. ಕೌಲ್ಸ್ ಕಂಡ ಕ್ರಮವನ್ನೇ ಇಲ್ಲಿ ನಮ್ಮ ಮಕ್ಕಳು ಹೆಜ್ಜೆ ಎಣಿಸುತ್ತಾ ಕಾಣಬಹುದು. ಗಾಳಿಮರದ ಸಾಲು ಮಾತ್ರ ಮನುಷ್ಯನು ತಂದು ನೆಟ್ಟುದು. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕೊರೆದು ಒಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ಮೆಲ್ಲಮೆಲ್ಲನೆ ತಂದು ಮರಳಿಸುತ್ತವೆ. ಈ ಲೇವಾದೇವಿಯಲ್ಲಿ ದಿಬ್ಬವು ಕಡಲದಂಡೆಯ ಇಡಗಂಟಿನಂತೆ. ಅದು ಅಲೆಯ ಹೊಡೆತವನ್ನು ತಡೆಯುತ್ತದೆ, ಮಳೆಯ ನೀರನ್ನು ತನ್ನಲ್ಲಿ ಇಂಗಿಸಿಕೊಂಡು ಹಿಂದಣ ಬಾವಿಗಳ ಸಿಹಿಯನ್ನು ಕಾಯುತ್ತದೆ.

ಈ ದಂಡೆಗೆ ಇನ್ನೊಂದು ಮಹತ್ತ್ವವಿದೆ. ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಇಲ್ಲಿಗೆ ಬಂದು, ಮರಳಲ್ಲಿ ಕುಳಿ ತೋಡಿ, ಒಂದೊಂದೂ ನೂರರ ಸುಮಾರಿಗೆ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣು ಮರಿಗಳೂ, ತಂಪಾಗಿದ್ದರೆ ಗಂಡು ಮರಿಗಳೂ ಹೆಚ್ಚಾಗುವುದು ಸೃಷ್ಟಿಯ ವಿಚಿತ್ರ. ೨೦೧೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಗಾಲಜಿಬಾಗ, ಆಗೊಂದ, ಮೊರಜಿ, ಮಾಂದ್ರೆ ಈ ನಾಲ್ಕನ್ನೂ ಆಮೆಗಳು ಮೊಟ್ಟೆಯಿಡುವ ದಂಡೆಗಳೆಂದು ಹೆಸರಿಸಿದೆ. ಅರಣ್ಯ ಇಲಾಖೆಯವರು ಮೊಟ್ಟೆಯ ಕುಳಿಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಬೇಲಿಯನ್ನು ದಾಟುವುದೂ ಮೊಟ್ಟೆಯನ್ನು ಮುಟ್ಟುವುದೂ ಕಾನೂನಿಗೆ ವಿರುದ್ಧ.

ಮೂರನೆಯದು ಮೊಲೆಮ್ ರಾಷ್ಟ್ರೀಯ ಉದ್ಯಾನ. ೧೯೬೯ರಲ್ಲಿ ವನ್ಯಪ್ರಾಣಿಗಳ ರಕ್ಷಣಾಧಾಮವಾದ ಈ ಕಾಡಿನ ಒಳಭಾಗದ ೧೦೭ ಚದರ ಕಿಲೋಮೀಟರನ್ನು ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸುತ್ತಲಿನ ಭಗವಾನ್ ಮಹಾವೀರ ಧಾಮವೂ ಸೇರಿ ಒಟ್ಟು ೨೪೦ ಚದರ ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್‌ಗಳ ಮೇಲೆ ಕುಳೆಂ ದಾಟಿ ನಮ್ಮ ಸಾವರ್ಡೆ–ಕುಡಚಡೆ ನಿಲ್ದಾಣಕ್ಕೆ ಬರುವ ರೈಲಿನಲ್ಲಿ ಕುಳಿತ ಪಾಲಕರೆಲ್ಲ ಈ ಕಾಡನ್ನೂ, ಸುಮಾರು ೩೧೦ ಮೀಟರ್ ಎತ್ತರದ ದೂಧಸಾಗರವನ್ನೂ ಕಿಟಕಿಯಿಂದ ಕಂಡಿರುತ್ತಾರೆ. ಗೋವೆಯ ರಾಜ್ಯಪ್ರಾಣಿಯಾದ ಕಾಡುಕೋಣ ಇಲ್ಲಿ ವಾಸಿಸುತ್ತದೆ. ಗೋವೆಯ ರಾಜ್ಯವೃಕ್ಷದ ಹೆಸರು ಮತ್ತಿ. ಕನ್ನಡದಲ್ಲಿಯೂ ಅದು ಮತ್ತಿಯೇ. ಮೊಸಳೆಯ ಬೆನ್ನಿನಂತೆ ಒಡೆದ ಅದರ ತೊಗಟೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ಸಮೀಪದ ತಾಂಬ್ಡಿ ಸುರ್ಲದಲ್ಲಿ ಕದಂಬರ ಕಾಲದ ಕಲ್ಲಿನ ಮಹಾದೇವ ದೇವಾಲಯವಿರುವುದರಿಂದ ಇತಿಹಾಸದ ಪಾಠವೂ ಅದೇ ದಾರಿಯಲ್ಲಿ ದೊರೆಯುತ್ತದೆ.

ಈಗ ಸಿದ್ಧತೆಯ ಮಾತು. ಮೂರು ಸ್ಥಳಗಳನ್ನು ಒಂದೇ ದಿನದಲ್ಲಿ ಮುಗಿಸುವ ಆಸೆಯನ್ನು ಮೊದಲು ಬಿಡಬೇಕು. ಹಾಗೆ ಮಾಡಿದರೆ ಮಕ್ಕಳು ನೋಡುವುದು ಬಸ್ಸಿನ ಒಳಭಾಗವನ್ನು ಮಾತ್ರ. ಒಂದು ಚಳಿಗಾಲದಲ್ಲಿ ಮೂರು ಹೊರಸಂಚಾರಗಳೆಂದು ಎಣಿಸಿದರೆ ಎಲ್ಲವೂ ಸುಲಭ. ಮೊದಲು ಕೆರೆ, ಆಮೇಲೆ ಕಾಡು, ಕೊನೆಗೆ ದಿಬ್ಬ ಎಂಬ ಕ್ರಮ ಒಳ್ಳೆಯದು. ಕೆರೆಯ ದಂಡೆಯಲ್ಲಿ ಸುಮ್ಮನೆ ನಿಂತು ನೋಡುವ ಅಭ್ಯಾಸವಾದ ಮಕ್ಕಳು ಕಾಡಿನಲ್ಲಿ ಗದ್ದಲ ಮಾಡುವುದಿಲ್ಲ. ಕಾಡಿನಲ್ಲಿ ದಾರಿ ಬಿಡದೆ ನಡೆಯಲು ಕಲಿತವರು ದಿಬ್ಬದ ಬಳ್ಳಿಯನ್ನು ತುಳಿಯುವುದಿಲ್ಲ.

ಕಾಲದ ನಿರ್ಣಯ ಹೀಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಉಗ್ರವಾಗಿರುತ್ತದೆ, ಕಾಡಿನ ಹಳ್ಳಗಳು ಕ್ಷಣಮಾತ್ರದಲ್ಲಿ ಉಕ್ಕುತ್ತವೆ, ದಾರಿಯಲ್ಲಿ ಇಂಬಳಗಳ ಕಾಟ. ಈ ತಿಂಗಳುಗಳಲ್ಲಿ ಮಕ್ಕಳನ್ನು ಕಡಲಿಗಾಗಲಿ ಜಲಪಾತಕ್ಕಾಗಲಿ ಒಯ್ಯಬಾರದು. ದೂಧಸಾಗರಕ್ಕೆ ರೈಲು ಹಳಿಯ ಮೇಲೆ ನಡೆದು ಹೋಗುವ ಸಾಹಸವಂತೂ ಯಾವ ಕಾಲದಲ್ಲಿಯೂ ಸಲ್ಲದು. ಅದು ನಿಷಿದ್ಧವೂ ಪ್ರಾಣಾಪಾಯಕರವೂ ಆಗಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಮೂರೂ ಸ್ಥಳಗಳಿಗೆ ಯೋಗ್ಯ. ಕೆರೆಗೂ ಕಾಡಿಗೂ ಬೆಳಗಿನ ಹೊತ್ತು ಮೇಲು. ಹಕ್ಕಿಗಳು ಆಗ ಚುರುಕಾಗಿರುತ್ತವೆ.

ದಿಬ್ಬಕ್ಕೆ ಹೋಗುವಾಗ ಗಡಿಯಾರದ ಜೊತೆಗೆ ಸಮುದ್ರದ ಭರತ-ಇಳಿತಗಳನ್ನೂ ನೋಡಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಅವು ಸುಮಾರು ೫೦ ನಿಮಿಷ ತಡವಾಗಿ ಬರುತ್ತವೆ. ಸೋಮವಾರ ಬೆಳಗಿನ ೯ ಗಂಟೆಗೆ ಇಳಿತವಿದ್ದರೆ ಗುರುವಾರ ಅದು ಎಷ್ಟು ಹೊತ್ತಿಗೆ? ಮೂರು ದಿನಕ್ಕೆ ೧೫೦ ನಿಮಿಷ. ಅಂದರೆ ಹನ್ನೊಂದೂವರೆ ಗಂಟೆಗೆ. ಈ ಲೆಕ್ಕವನ್ನು ವರ್ಗದಲ್ಲಿ ಮಕ್ಕಳಿಂದಲೇ ಮಾಡಿಸಿ, ಭರತ-ಇಳಿತದ ಪಟ್ಟಿಯೊಡನೆ ತಾಳೆನೋಡಿ ದಿನವನ್ನು ಗೊತ್ತುಮಾಡಬಹುದು. ಇಳಿತದ ಹೊತ್ತಿನಲ್ಲಿ ಅಗಲವಾದ ಗಟ್ಟಿ ಮರಳು ನಡೆಯಲು ಸಿಗುವುದರಿಂದ ಯಾರೂ ದಿಬ್ಬದ ಬುಡವನ್ನು ತುಳಿಯಬೇಕಾಗುವುದಿಲ್ಲ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಮರಳ ಕಣ ಪುಟಿಯುವುದನ್ನು ಅದಕ್ಕೆ ಮುಂಚೆ ಕಾಣುವುದು ಅಪರೂಪ. ಆದುದರಿಂದ ಹೊರಡುವ ಹೊತ್ತನ್ನು ಮಧ್ಯಾಹ್ನ ಮೂರರ ಹತ್ತಿರಕ್ಕೆ ಇಟ್ಟುಕೊಂಡು, ಕತ್ತಲೆಗೆ ಮುನ್ನ ಊರು ಸೇರುವಂತೆ ಎಣಿಸಬೇಕು. ಕೇಪೆಯಿಂದ ಮುಂದೆ ಕಾಣಕೋಣದ ದಾರಿಯಲ್ಲಿ ಘಾಟಿನ ತಿರುವುಗಳಿರುವುದರಿಂದ ಒಂದೊಂದು ಕಡೆಗೆ ಎರಡೆರಡು ತಾಸು ಹಿಡಿಯುವುದು ಲೇಸು.

ಅನುಮತಿಯ ಕೆಲಸವನ್ನು ಕೊನೆಯ ವಾರಕ್ಕೆ ಬಿಡಬಾರದು. ಮೊಲೆಮ್ಮಿಗೂ ಗಾಲಜಿಬಾಗಕ್ಕೂ ಅರಣ್ಯ ಇಲಾಖೆಗೆ ಒಂದು ತಿಂಗಳು ಮುಂಚಿತವಾಗಿ ಪತ್ರ ಬರೆದು, ಮಕ್ಕಳ ಸಂಖ್ಯೆ, ದಿನ, ಹೊತ್ತು ತಿಳಿಸಿ, ಮಾರ್ಗದರ್ಶಕರನ್ನು ಕೇಳಿಕೊಳ್ಳಬೇಕು. ಮಾರ್ಗದರ್ಶಕರು ಕೊಂಕಣಿಯಲ್ಲಿ ಹೇಳುವುದನ್ನು ದೊಡ್ಡ ವರ್ಗದ ಮಕ್ಕಳು ಚಿಕ್ಕವರಿಗೆ ಕನ್ನಡದಲ್ಲಿ ಹೇಳಲಿ. ಗಿಡ, ಹಕ್ಕಿ, ಮೀನುಗಳಿಗೆ ಎರಡೂ ಭಾಷೆಗಳಲ್ಲಿರುವ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಎರಡು ಸಾಲಾಗಿ ಬರೆದಿಟ್ಟರೆ, ಕೆಲವು ವರ್ಷಗಳಲ್ಲಿ ಅದು ಶಾಲೆಯ ಆಸ್ತಿಯಾದೀತು.

ಮಕ್ಕಳ ಸಂಖ್ಯೆ ಒಂದು ಸಲಕ್ಕೆ ನಲವತ್ತನ್ನು ಮೀರದಿರಲಿ. ಹತ್ತು ಹತ್ತರ ನಾಲ್ಕು ತಂಡಗಳು, ಒಂದೊಂದಕ್ಕೆ ಒಬ್ಬ ಹಿರಿಯರು. ಪಾಲಕರಲ್ಲಿ ಇಬ್ಬರು ಮೂವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಬಸ್ಸು ಹತ್ತುವಾಗ, ಇಳಿಯುವಾಗ, ನೀರಿನ ಅಂಚನ್ನು ಬಿಡುವಾಗ ಎಣಿಕೆ ನಡೆಯಲೇಬೇಕು. ಸಮುದ್ರದಲ್ಲಿ ಸ್ನಾನಕ್ಕೆ ಇಳಿಯುವ ಕಾರ್ಯಕ್ರಮ ಬೇಡ. ನೋಡಲು ಶಾಂತವಾದ ಕಡಲಿನಲ್ಲಿಯೂ ದಂಡೆಯಿಂದ ಒಳಕ್ಕೆ ಎಳೆಯುವ ಸೆಳವು ಇರುತ್ತದೆ. ಈಜು ಬಲ್ಲವರೂ ಅದಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಕೆರೆಯ ಕೆಸರೂ ಹಾಗೆಯೇ ಮೋಸದ್ದು.

ಖರ್ಚಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಪಾಲಕರ ಮುಂದಿಡಬೇಕು. ಬಸ್ಸಿನ ಬಾಡಿಗೆ ೮,೦೦೦ ರೂಪಾಯಿ ಎಂದು ಭಾವಿಸಿದರೆ ನಲವತ್ತು ಮಕ್ಕಳಿಗೆ ತಲಾ ೨೦೦ ರೂಪಾಯಿ ಬೀಳುತ್ತದೆ. ಹತ್ತು ಮಕ್ಕಳ ಮನೆಯವರಿಗೆ ಅದು ಭಾರವಾದರೆ ಆ ೨,೦೦೦ ರೂಪಾಯಿಗಳನ್ನು ಉಳ್ಳವರ ಕೊಡುಗೆಯಿಂದ ಹೊಂದಿಸಬೇಕು. ಹಣವಿಲ್ಲವೆಂದು ಯಾವ ಮಗುವಿನ ಹೆಸರನ್ನೂ ಪಟ್ಟಿಯಿಂದ ಬಿಡಬಾರದು, ಯಾರು ಕೊಟ್ಟರು ಯಾರು ಕೊಡಲಿಲ್ಲವೆಂಬುದು ಮಕ್ಕಳ ಕಿವಿಗೆ ಬೀಳಬಾರದು. ನಂದಾ ಕೆರೆಗಾದರೋ ಬಸ್ಸೇ ಬೇಕಿಲ್ಲ. ಬೆಳಿಗ್ಗೆ ಹೊರಟು, ನಡೆದು ಹೋಗಿ, ಶಾಲೆಯ ಗಂಟೆಗೆ ಹಿಂತಿರುಗಬಹುದು.

ಊಟಕ್ಕೆ ಮನೆಯ ಬುತ್ತಿಯೇ ಸಾಕು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಗ್ಗರಣೆ ಅವಲಕ್ಕಿ ಇವು ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಸ್ಟೀಲಿನ ಡಬ್ಬಿಯಲ್ಲಿ ತಂದರೆ ಎಸೆಯಬೇಕಾದ ಕಾಗದ, ಪ್ಲಾಸ್ಟಿಕ್ಕುಗಳೇ ಇರವು. ಪ್ರತಿಯೊಬ್ಬರಿಗೂ ಒಂದೂವರೆ ಲೀಟರ್ ನೀರು, ತಲೆಗೆ ಟೊಪ್ಪಿಗೆ, ಕಾಡಿಗೆ ಬೂಟು, ಒಂದು ನೋಟುಬುಕ್ಕು, ಪೆನ್ಸಿಲು ಬೇಕು. ತಂಡಕ್ಕೊಂದು ದುರ್ಬೀನು, ಒಂದು ಅಳತೆಯ ಟೇಪು, ಒಂದು ಮಸೂರ ಇದ್ದರೆ ಲೇಸು. ಗುರುಗಳ ಚೀಲದಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿ, ಔಷಧಿ, ಉಪ್ಪು-ಸಕ್ಕರೆಯ ಪುಡಿ, ಘಾಟಿನಲ್ಲಿ ವಾಂತಿಯಾಗುವವರಿಗಾಗಿ ನಿಂಬೆಹಣ್ಣು, ಎಲ್ಲ ಮನೆಗಳ ಫೋನ್ ಸಂಖ್ಯೆಗಳ ಪಟ್ಟಿ ಇರಲಿ.

ಸ್ಥಳದಲ್ಲಿ ಮಾಡಬೇಕಾದುದನ್ನೂ ಮೊದಲೇ ಗೊತ್ತುಮಾಡಬೇಕು. ಕೆರೆಯಲ್ಲಿ ಅರ್ಧ ತಾಸು ಒಂದೇ ಕಡೆ ನಿಂತು, ಕಂಡ ಹಕ್ಕಿಗಳ ಸಂಖ್ಯೆಯನ್ನು ಜಾತಿವಾರು ಬರೆಯುವುದು. ಕಾಡಿನಲ್ಲಿ ಐದು ಮರಗಳ ತೊಗಟೆಯ ಚಿತ್ರ ಬಿಡಿಸುವುದು. ದಿಬ್ಬದಲ್ಲಿ, ಇರುವ ಕಾಲುದಾರಿಯಲ್ಲಿಯೇ ನೀರಿನಂಚಿನಿಂದ ಗಾಳಿಮರದವರೆಗೆ ನಡೆಯುತ್ತಾ, ಪ್ರತಿ ಹತ್ತು ಹೆಜ್ಜೆಗೆ ನೆಲದ ಮೇಲೇನಿದೆಯೆಂದು ಬರೆಯುವುದು. ಬಳ್ಳಿಯನ್ನು ಕೀಳುವುದು, ದಿಬ್ಬದ ಮೇಲಿಂದ ಜಾರುವುದು, ಶಂಖ-ಚಿಪ್ಪುಗಳನ್ನು ಚೀಲ ತುಂಬಿ ತರುವುದು ಕೂಡದು. ಒಬ್ಬ ಹುಡುಗನ ಕಾಲಡಿ ಬಳ್ಳಿ ಸಾಯದು. ನಲವತ್ತು ಜನ ಒಂದೇ ಕಡೆ ಹತ್ತಿದರೆ ಬಳ್ಳಿ ಹರಿದು ಅಲ್ಲೊಂದು ಬಾಯಿ ತೆರೆಯುತ್ತದೆ, ಗಾಳಿ ಆ ಬಾಯಿಯಿಂದ ಮರಳನ್ನು ಬಾಚತೊಡಗುತ್ತದೆ. ಮುಂದಿನ ಮಳೆಗಾಲದ ಅಲೆಗೆ ಆ ಜಾಗವೇ ದಾರಿಯಾಗುತ್ತದೆ.

ಹಿಂತಿರುಗಿದ ವಾರದಲ್ಲಿ ಬರೆದುದನ್ನೆಲ್ಲ ವರ್ಗದಲ್ಲಿ ಓದಿ, ತಂಡಗಳ ಲೆಕ್ಕಗಳನ್ನು ಹೋಲಿಸಿ, ಒಂದು ದೊಡ್ಡ ಹಾಳೆಯ ಮೇಲೆ ನಕಾಶೆ ಮಾಡಿ ಗೋಡೆಗೆ ಹಾಕಬೇಕು. ಮರುವರ್ಷದ ಮಕ್ಕಳು ಅದೇ ಕೆರೆಯ ಅದೇ ಮೂಲೆಯಲ್ಲಿ ನಿಂತು ಎಣಿಸಿದರೆ, ಹಕ್ಕಿಗಳು ಹೆಚ್ಚಿದುವೋ ಕಡಿಮೆಯಾದುವೋ ಎಂಬುದು ನಮ್ಮ ಶಾಲೆಗೆ ಗೊತ್ತಾಗುತ್ತದೆ. ಐದು ವರ್ಷಗಳ ಇಂತಹ ಲೆಕ್ಕಕ್ಕೆ ವಿದ್ವಾಂಸರೂ ಬೆಲೆ ಕೊಟ್ಟಾರು.

ಕೆಲವು ಪಾಲಕರು, ‘ನಾವು ದುಡಿಯಲು ಬಂದವರು, ಕೆರೆ-ಕಾಡು ನೋಡಿ ಆಗಬೇಕಾದುದೇನು?’ ಎಂದು ಕೇಳುವುದುಂಟು. ದಿನಗೂಲಿಯ ಮೇಲೆ ಸಂಸಾರ ನಡೆಸುವವರಿಗೆ ಈ ಪ್ರಶ್ನೆ ಬರುವುದು ನ್ಯಾಯವೇ. ಆದರೆ ಅವರ ಮಕ್ಕಳು ಹುಟ್ಟಿ ಬೆಳೆಯುತ್ತಿರುವುದು ಈ ನೆಲದಲ್ಲಿ, ಕುಡಿಯುತ್ತಿರುವುದು ಈ ನೆಲದ ನೀರನ್ನು. ಊರಿನ ಕೆರೆ ಎಲ್ಲಿಂದ ತುಂಬುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ಬಲ್ಲ ಮಗು ಆ ಊರಿನಲ್ಲಿ ಪರಕೀಯನಾಗಿ ಉಳಿಯುವುದಿಲ್ಲ. ಮನೆ ಮಾತು ಕನ್ನಡವಾದರೂ ಕೆರೆಯ ಹಕ್ಕಿಯ ಕೊಂಕಣಿ ಹೆಸರನ್ನು ಹೇಳಬಲ್ಲ ಬಾಲಕಿಯನ್ನು ನೆರೆಯವರು ತಮ್ಮವಳೆಂದೇ ಎಣಿಸುತ್ತಾರೆ.

ಪ್ರತಿವರ್ಷ ಫೆಬ್ರವರಿ ೨ನ್ನು ಜಗತ್ತಿನಾದ್ಯಂತ ಜೌಗುಪ್ರದೇಶಗಳ ದಿನವೆಂದು ಆಚರಿಸುತ್ತಾರೆ. ಮೊದಲ ಸಂಚಾರಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಅಂದು ರವಿವಾರವಾಗಿದ್ದರೆ ಪಾಲಕರು ತಾವೇ ಮಕ್ಕಳ ಕೈಹಿಡಿದು ನಂದಾ ಕೆರೆಯ ದಂಡೆಗೆ ಬರಲಿ. ಶಾಲೆಯ ದಿನವಾಗಿದ್ದರೆ ಬೆಳಗಿನ ಆರೂವರೆಗೆ ಮಕ್ಕಳನ್ನು ಎಬ್ಬಿಸಿ, ಬುತ್ತಿ ಕಟ್ಟಿ ಕಳುಹಿಸಲಿ. ಕಾಡಿಗೂ ದಿಬ್ಬಕ್ಕೂ ಬೇಕಾದ ಪತ್ರವ್ಯವಹಾರವನ್ನು ನವೆಂಬರ್ ತಿಂಗಳಲ್ಲಿಯೇ ಆರಂಭಿಸಿದರೆ, ಉಳಿದೆರಡು ಸಂಚಾರಗಳೂ ಬೇಸಿಗೆಗೆ ಮುನ್ನ ಸುಸೂತ್ರವಾಗಿ ನೆರವೇರುವುವು.